ತುಂಗಭದ್ರೆಯ ನಡುವೆ ನಿಂತಿರೋ ಕಲ್ಲುಕಂಬಗಳು

ರಾಗಿ ಒಕ್ಕಣೆ ಮುಗೀತು, ಹುಲ್ಲು ಮೆದೆ ಹಾಕಾಯ್ತು. ಅವರೆಕಾಯಿಗೆ ಸೊಗಡು ಬಂದಿದೆ. ಕೈಗೆ ಸ್ವಲ್ಪ ಬಿಡುವು ಸಿಕ್ಕಿದೆ. ಈ ಸಲ ಬೆಳೆ, ಗೊಬ್ಬರ, ರೇಟು ಯಾವುದೂ ಇಲ್ಲ. ಕಲ್ಲಿನ ವಿಷಯ ಬರೀತೀನಿ. ಉದ್ದ ಇದೆ, ನಿಮಗೂ ಬಿಡುವಾದಾಗ ಓದಿ.

ಹಂಪಿಗೆ ಹೋದೋರೆಲ್ಲ ಕಲ್ಲಿನ ರಥದ ಮುಂದೆ ನಿಂತು ಫೋಟೋ ತೆಗೆಸಿಕೊಳ್ತಾರೆ. ವಿರೂಪಾಕ್ಷನ ಗೋಪುರ, ಕಮಲ ಮಹಲು, ಆನೆ ಲಾಯ ನೋಡಿ ಸುಸ್ತಾಗಿ ವಾಪಸ್ ಬರ್ತಾರೆ. ನಾನು ಹೇಳೋದು ಇನ್ನೊಂದು ಜಾಗ. ವಿಜಯ ವಿಠ್ಠಲ ದೇವಸ್ಥಾನ ನೋಡಿಕೊಂಡು ಹಾಗೇ ನದಿ ಕಡೆ ಇಳೀರಿ. ಪುರಂದರದಾಸರ ಮಂಟಪ ಅಂತ ಒಂದು ಇದೆ, ನೀರಿನ ಅಂಚಲ್ಲೇ. ಹೊಳೆ ತುಂಬಿದಾಗಲೆಲ್ಲ ಅದು ಮುಳುಗುತ್ತೆ, ಟೀವಿಯಲ್ಲಿ ನೋಡಿರ್ತೀರಿ. ಆ ಮಂಟಪದ ಹತ್ತಿರ ನಿಂತು ನದಿ ಕಡೆ ನೋಡಿದ್ರೆ ನೀರಿನ ಮಧ್ಯೆ ಕಲ್ಲುಕಂಬಗಳು ಸಾಲಾಗಿ ನಿಂತಿರೋದು ಕಾಣುತ್ತೆ. ಮೇಲೆ ಏನೂ ಇಲ್ಲ. ಹಾಸಿಲ್ಲ, ಕಟಕಟೆ ಇಲ್ಲ. ಬರೀ ಕಂಬ. ಬೇಲಿಗೆ ಕಲ್ಲುಕೂಚ ನೆಟ್ಟು ತಂತಿ ಎಳೆಯೋದು ಮರೆತು ಹೋದ ಹಾಗೆ ಕಾಣುತ್ತೆ ನಮ್ಮಂಥೋರ ಕಣ್ಣಿಗೆ.

ಅದು ವಿಜಯನಗರ ಕಾಲದ ಕಲ್ಲಿನ ಸೇತುವೆ. ಈ ದಡದ ರಾಜಧಾನಿಯಿಂದ ಆ ದಡದ ಆನೆಗೊಂದಿ ಕಡೆಗೆ ಹೋಗೋಕೆ ಕಟ್ಟಿದ್ದು. ಹಂಪಿಯ ಸ್ಮಾರಕಗಳ ಜೊತೆ ಇದೂ ರಕ್ಷಿತ ಜಾಗದ ಒಳಗೇ ಬರುತ್ತೆ. 1986ರಲ್ಲಿ ಯುನೆಸ್ಕೋದವರು ಹಂಪಿಯನ್ನ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದ್ರು. ಆದ್ರೂ ಈ ಕಂಬಗಳ ಮುಂದೆ ನಿಂತು ಅರ್ಧ ಗಂಟೆ ನೋಡೋರು ಕಮ್ಮಿ. ದೇವರಿಲ್ಲ, ಕೆತ್ತನೆ ಇಲ್ಲ, ಹೊಡೆದರೆ ಸ್ವರ ಬರಲ್ಲ. ನಮ್ಮಂಥೋರಿಗೆ ಮಾತ್ರ ಇದು ಬೇಗ ಅರ್ಥ ಆಗುತ್ತೆ, ಯಾಕೆ ಅಂತ ಮುಂದೆ ಹೇಳ್ತೀನಿ.

ಮೊದಲು ಊರಿನ ಲೆಕ್ಕ. ವಿಜಯನಗರ ಶುರುವಾಗಿದ್ದು 1336 ಅಂತ ಶಾಲೆಯಲ್ಲಿ ಓದಿದ್ದೀವಿ. ಹಕ್ಕ ಬುಕ್ಕರು ದಕ್ಷಿಣದ ದಡದಲ್ಲಿ ಊರು ಕಟ್ಟೋಕೆ ಮುಂಚೆನೇ ಉತ್ತರದ ದಡದಲ್ಲಿ ಆನೆಗೊಂದಿ ಇತ್ತು. ಉತ್ತರದ ಕಡೆಯಿಂದ ದಂಡು ಬಂದ್ರೆ ಅದಕ್ಕೆ ಮೊದಲು ಅಡ್ಡ ಬರೋದು ನದಿ. ಅದಕ್ಕೇ ಊರು ನದಿಯ ಈಚೆ ಬೆಳೀತು. ಹಾಗಂತ ನದಿ ದಾಟೋದು ನಿಲ್ಲಿಸೋಕೆ ಆಗಲ್ಲ. ಆಚೆ ದಡದಲ್ಲಿ ಹೊಲ ಗದ್ದೆ, ಕೋಟೆ, ಹಳೇ ಊರು. ಈಚೆ ದಡದಲ್ಲಿ ಸಂತೆ, ಅರಮನೆ, ಗುಡಿ. ಅಕ್ಕಿ ಬರಬೇಕು, ಸೌದೆ ಬರಬೇಕು, ದನ ಬರಬೇಕು. ಕಾಯೋಕೆ ನದಿ ಬೇಕು, ಬದುಕೋಕೆ ದಾಟು ಬೇಕು. ಈ ಎರಡರ ಮಧ್ಯೆ ಹುಟ್ಟಿದ್ದು ಆ ಸೇತುವೆ.

ಈಗ ಕಟ್ಟಿದ ರೀತಿ ನೋಡೋಣ. ಸೇತುವೆ ಅಂದ್ರೆ ನಮ್ಮ ಕಣ್ಣಿಗೆ ಬರೋದು ಕಮಾನು. ಇಲ್ಲಿ ಕಮಾನಿಲ್ಲ. ಕಂಬ ನಿಲ್ಲಿಸೋದು, ಕಂಬದ ತಲೆ ಮೇಲೆ ಅಡ್ಡ ತೊಲೆ ಇಡೋದು, ತೊಲೆಯಿಂದ ತೊಲೆಗೆ ಚಪ್ಪಡಿ ಹಾಸೋದು. ಅಷ್ಟೇ. ದೇವಸ್ಥಾನದ ಮಂಟಪ ನೋಡಿ: ಕಂಬ, ಬೋದಿಗೆ, ತೊಲೆ, ಚಪ್ಪಡಿ. ನಮ್ಮ ಹಳೇ ತೊಟ್ಟಿ ಮನೆ ನೋಡಿ, ಮರದಲ್ಲಿ ಅದೇ. ಮಂಟಪವನ್ನ ಉದ್ದಕ್ಕೆ ಎಳೆದು ನದಿ ಒಳಗೆ ನಿಲ್ಲಿಸಿದ್ರೆ ಸೇತುವೆ.

ಇದರಲ್ಲಿ ಒಂದು ಕಷ್ಟ ಇದೆ. ಕಲ್ಲು ಮೇಲಿಂದ ಎಷ್ಟು ಭಾರ ಹೇರಿದ್ರೂ ತಡೀತದೆ, ಆದ್ರೆ ಬಾಗಿಸಿದ್ರೆ ತಡೆಯಲ್ಲ. ಚಪ್ಪಡಿಯನ್ನ ಎರಡು ತುದಿ ಮೇಲೆ ಇಟ್ಟು ಮಧ್ಯೆ ಭಾರ ಹಾಕಿದ್ರೆ ಅದರ ಅಡಿಭಾಗ ಎಳೆತಕ್ಕೆ ಸಿಕ್ಕಿ ಪಟ್ ಅಂತ ಸೀಳುತ್ತೆ. ಮರ ಬಾಗಿ ಎಚ್ಚರಿಕೆ ಕೊಡುತ್ತೆ, ಕಬ್ಬಿಣ ಬಾಗುತ್ತೆ, ಕಲ್ಲು ಕೊಡಲ್ಲ. ಲೆಕ್ಕ ಹೇಳ್ತೀನಿ ಕೇಳಿ. ನಮ್ಮ ಕಡೆ ಕರಿಕಲ್ಲು ಬಿಳಿಕಲ್ಲು ಯಾವುದಾದ್ರೂ ಒಂದು ಘನ ಅಡಿಗೆ ಸುಮಾರು 75 ಕೆಜಿ ತೂಗುತ್ತೆ. 8 ಅಡಿ ಉದ್ದ, 2 ಅಡಿ ಅಗಲ, 9 ಇಂಚು ದಪ್ಪದ ಚಪ್ಪಡಿ ಅಂದ್ರೆ 12 ಘನ ಅಡಿ, ಅಂದ್ರೆ 900 ಕೆಜಿ. ಅದೇ ದಪ್ಪದಲ್ಲಿ ಉದ್ದ 16 ಅಡಿ ಮಾಡಿದ್ರೆ ತೂಕ ಎರಡು ಪಟ್ಟು, ಆದ್ರೆ ಚಪ್ಪಡಿಯ ಅಡಿಯಲ್ಲಿ ಬೀಳೋ ಎಳೆತ ನಾಲ್ಕು ಪಟ್ಟು. ಮೇಲೆ ಒಂದು ಗಾಡಿನೂ ಹೋಗಬೇಕಾಗಿಲ್ಲ, ತನ್ನ ಭಾರಕ್ಕೇ ಎಳೆತ ಅಷ್ಟು ಏರುತ್ತೆ. ಅದಕ್ಕೇ ಕಲ್ಲಿನ ಸೇತುವೆಗೆ ಕಂಬಗಳು ಒತ್ತೊತ್ತಾಗಿ ಇರಬೇಕು. ತುಂಗಭದ್ರೆಯಲ್ಲಿ ಅಷ್ಟೊಂದು ಕಂಬ ಯಾಕೆ ಅಂದ್ರೆ ಇದೇ ಕಾರಣ.

ಒತ್ತೊತ್ತಾಗಿ ಕಂಬ ಇಟ್ಟರೆ ಇನ್ನೊಂದು ತೊಂದರೆ. ನದಿಗೆ ಅಷ್ಟು ಕಡೆ ಅಡ್ಡ. ಮಳೆಗಾಲದಲ್ಲಿ ಬುಡಸಮೇತ ಮರ, ಬಿದಿರ ಮೆಳೆ, ಕಸ ಎಲ್ಲ ಬಂದು ಕಂಬಕ್ಕೆ ಸಿಕ್ಕಿಕೊಳ್ಳುತ್ತೆ. ಹಿಂದಿನ ನೀರು ಏರುತ್ತೆ, ಏರಿ ಚಪ್ಪಡಿ ಮುಟ್ಟುತ್ತೆ. ನೀರಲ್ಲಿ ಮುಳುಗಿದ ಕಲ್ಲು ಹಗುರ ಆಗುತ್ತೆ, ಬಾವಿಯಲ್ಲಿ ಕೊಡ ಎಳೆಯೋರಿಗೆ ಗೊತ್ತು. ಆ 900 ಕೆಜಿ ಚಪ್ಪಡಿ ಪೂರ್ತಿ ಮುಳುಗಿದ್ರೆ 560 ಕೆಜಿಯಷ್ಟೇ. ಅಷ್ಟೊತ್ತಿಗೆ ಪ್ರವಾಹ ಪಕ್ಕದಿಂದ ತಳ್ಳುತ್ತೆ. ಈ ಜಾತಿಯ ಸೇತುವೆಯಲ್ಲಿ ಮೊದಲು ಅಪಾಯ ಬರೋದು ಮೇಲಿನ ಹಾಸಿಗೆ. ಕಂಬ ನಿಂತುಕೊಳ್ಳುತ್ತೆ.

ಕಂಬ ನಿಲ್ಲೋಕೆ ನೆಲನೂ ಸಹಾಯ ಮಾಡಬೇಕು. ಅಲ್ಲಿ ನದಿ ಹರಿಯೋದು ಬಂಡೆ ನಡುವೆ. ಮರಳು ಹೊಳೆಯಲ್ಲಿ ಪ್ರವಾಹ ಬಂದ್ರೆ ಬುಡದ ಮಣ್ಣು ಕೊರೆದು ಕಂಬ ವಾಲುತ್ತೆ. ಬಂಡೆ ನೆಲದಲ್ಲಿ ಕೊರೆಯೋಕೆ ಮಣ್ಣೇ ಇಲ್ಲ. ಕಲ್ಲಿಗೂ ದೂರ ಹೋಗಬೇಕಾಗಿಲ್ಲ, ಸುತ್ತಲೂ ಗುಡ್ಡ ಗುಡ್ಡವೇ ಕಲ್ಲು. ಹಂಪಿಯ ಬಂಡೆಗಳ ಮೈ ಮೇಲೆ ಸಾಲಾಗಿ ಸಣ್ಣ ಸಣ್ಣ ಗುಳಿ ಕಾಣುತ್ತೆ, ಗಮನ ಇಟ್ಟು ನೋಡಿ. ಉಳಿಯಿಂದ ಗುಳಿ ಹೊಡೆದು, ಬೆಣೆ ಇಟ್ಟು, ಸುತ್ತಿಗೆಯಲ್ಲಿ ಒಂದೊಂದೇ ಬೆಣೆಗೆ ಸಮವಾಗಿ ಏಟು ಕೊಡ್ತಾ ಹೋದ್ರೆ ಬಂಡೆ ನೇರ ಗೆರೆಯಲ್ಲಿ ಬಿರಿಯುತ್ತೆ. ನಮ್ಮ ಮಾಗಡಿ, ಬಿಡದಿ ಕಡೆ ಕಲ್ಲುಕೂಚ ಸೀಳೋದು ನೋಡಿದೋರಿಗೆ ಇದು ಹೊಸದಲ್ಲ. ನನ್ನ ಹೊಲಕ್ಕೆ ಕೂಚ ತಂದುಕೊಟ್ಟ ಹಿರಿಯರೊಬ್ಬರು ಹೇಳ್ತಿದ್ರು, “ಕಲ್ಲಿಗೂ ನಾರು ಐತೆ ಕಣಪ್ಪ, ಮರದ ಥರಾನೇ. ನಾರು ನೋಡ್ಕೊಂಡು ಹೊಡುದ್ರೆ ಬತ್ತದೆ, ಇಲ್ಲಾಂದ್ರೆ ಚೂರಾಯ್ತದೆ” ಅಂತ. ಆ ಸೇತುವೆ ಕಟ್ಟಿದೋರೂ ಇದೇ ಮಾತು ಬೇರೆ ಪದದಲ್ಲಿ ಆಡಿರ್ತಾರೆ.

ಆ ಕಾಲದ ಕಲ್ಲು ಕೆಲಸದ ಗಾತ್ರ ಎಷ್ಟು ಅಂತ ತಿಳಿಯೋಕೆ ಒಂದು ಶಾಸನ ಇದೆ. ಈಗಿನ ಆಂಧ್ರದ ಕಡಪ ಜಿಲ್ಲೆ ಪೋರುಮಾಮಿಳ್ಳದಲ್ಲಿ 1369ರಲ್ಲಿ ಬುಕ್ಕರಾಯನ ಮಗ ಭಾಸ್ಕರ ದೊಡ್ಡ ಕೆರೆ ಕಟ್ಟಿಸಿದ. ದಿನಾ 1000 ಜನ ಆಳು, ಕಲ್ಲು ಸಾಗಿಸೋಕೆ 100 ಗಾಡಿ, ಎರಡು ವರ್ಷದ ಕೆಲಸ ಅಂತ ಬರೆಸಿದ್ದಾನೆ. ಕೆರೆಗೆ ಎಂಥ ಜಾಗ ಆಗುತ್ತೆ, ಎಂಥದು ಆಗಲ್ಲ ಅಂತಲೂ ಅದರಲ್ಲಿ ಇದೆ. ನೂರಾರು ವರ್ಷದ ನಂತರ ಹಂಪಿಗೆ ಬಂದ ಪೋರ್ಚುಗೀಸಿನ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ಕೆರೆ ಕೆಲಸ ಕಣ್ಣಾರೆ ನೋಡಿದ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆ ಥರ ಮುತ್ತಿಕೊಂಡಿದ್ರು ಅನ್ನೋ ಅರ್ಥದಲ್ಲಿ ಬರೆದಿದ್ದಾನೆ. ರಾಜರ ಹೆಸರು ಉಳೀತು, ಆ ಇರುವೆಗಳ ಹೆಸರು ಯಾರೂ ಬರೆದಿಡಲಿಲ್ಲ. ಅವರ ಏಟಿನ ಗುರುತು ಮಾತ್ರ ಬಂಡೆ ಮೇಲೆ ಇದೆ.

ಪಾಯೆಸ್ ಇನ್ನೊಂದು ವಿಷಯ ಹೇಳಿದ್ದಾನೆ. ಅವನು ಬಂದದ್ದು ಸುಮಾರು 1520ರಲ್ಲಿ. ಆನೆಗೊಂದಿಗೆ ಜನ ದುಂಡಗಿನ ಬುಟ್ಟಿಯಂಥ ದೋಣಿಯಲ್ಲಿ ದಾಟ್ತಾರೆ, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡೀತಾರೆ, ಬೇಕಾದ್ರೆ ಕುದುರೆ ಎತ್ತೂ ಹತ್ತಿಸಬಹುದು, ಆದ್ರೆ ಅವು ಹೆಚ್ಚಾಗಿ ಈಜಿಕೊಂಡೇ ಹೋಗ್ತವೆ ಅಂತ. ಅದೇ ನಮ್ಮ ಹರಿಗೋಲು. ಕಲ್ಲಿನ ಸೇತುವೆ ಕಟ್ಟಬಲ್ಲ ರಾಜ್ಯದಲ್ಲೂ ಜನಕ್ಕೆ ಹರಿಗೋಲು ಬೇಕಾಗಿತ್ತು. ಚರ್ಮ ಹೋಗಿ ಡಾಂಬರು, ಪ್ಲಾಸ್ಟಿಕ್ ಚೀಲ ಬಂದಿದೆ, ಆಕಾರ ಬದಲಾಗಿಲ್ಲ. ಐನೂರು ವರ್ಷ!

ನಾನು ಹಂಪಿ ಎಕ್ಸ್‌ಪ್ರೆಸ್ ಹತ್ತಿ ಹೊಸಪೇಟೆಯಲ್ಲಿ ಇಳಿದು ಹೋದಾಗ ಹರಿಗೋಲು ಹಾಕೋರೊಬ್ಬರ ಜೊತೆ ಮಾತಾಡಿದ್ದೆ. “ಯಜಮಾನ್ರೇ, ಈ ಕಂಬದ ಹತ್ರ ಹೋಗೋಕೆ ಭಯ ಆಗಲ್ವಾ?” ಅಂದೆ. “ನೀರು ಕಮ್ಮಿ ಇದ್ದಾಗ ಕಂಬ ಕಾಣ್ತಾವ್ರಿ, ಏನ್ ಭಯ? ಡ್ಯಾಮಿನಾಗ ನೀರು ಬಿಟ್ಟಾಗ ಮುಳುಗ್ತಾವ. ಕಾಣದ ಕಂಬದ್ದೇ ಭಯ” ಅಂದ್ರು. 1953ರಲ್ಲಿ ಮೇಲೆ ತುಂಗಭದ್ರಾ ಅಣೆಕಟ್ಟು ಆದ ಮೇಲೆ ಆ ನದಿ ಮಳೆ ಮಾತು ಅಷ್ಟೇ ಕೇಳಲ್ಲ, ಗೇಟಿನ ಮಾತೂ ಕೇಳುತ್ತೆ. 2024ರ ಆಗಸ್ಟಲ್ಲಿ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯ್ತಲ್ಲ, ಆವಾಗ ಕೆಳಗಿನ ರೈತರ ಜೀವ ಬಾಯಿಗೆ ಬಂದಿತ್ತು. ಈ ಕಂಬಗಳೂ ಅದೇ ನೀರಿಗೆ ಎದೆಕೊಟ್ಟು ನಿಂತಿವೆ.

1565ರ ಜನವರಿಯಲ್ಲಿ ರಕ್ಕಸಗಿ ತಂಗಡಗಿ ಯುದ್ಧ. ಊರು ಹಾಳಾಯ್ತು. ಇಲ್ಲಿ ಒಂದು ಸ್ವಾರಸ್ಯ ಹೇಳಲೇಬೇಕು. ವಿಜಯನಗರದ ಮೇಲೆ ಬಂದ ಸುಲ್ತಾನರಲ್ಲಿ ಗೋಲ್ಕೊಂಡದ ಇಬ್ರಾಹಿಂ ಕುತುಬ್ ಷಾ ಒಬ್ಬ. ಅವನು ಹುಡುಗನಾಗಿದ್ದಾಗ ಅಣ್ಣನಿಗೆ ಹೆದರಿ ಓಡಿಬಂದು ಸುಮಾರು ಏಳು ವರ್ಷ ಆಶ್ರಯ ಪಡೆದಿದ್ದೇ ವಿಜಯನಗರದಲ್ಲಿ, ಅಳಿಯ ರಾಮರಾಯನ ಹತ್ತಿರ. ಯುದ್ಧ ಆಗಿ ಹದಿಮೂರು ವರ್ಷಕ್ಕೆ, 1578ರಲ್ಲಿ, ಮೂಸಿ ನದಿಗೆ ಕಲ್ಲಿನ ಸೇತುವೆ ಕಟ್ಟಿಸಿದ. ಅದೇ ಹೈದರಾಬಾದಿನ ಪುರಾನಾಪುಲ್. ಅದು ಕಂಬ ತೊಲೆ ಅಲ್ಲ, ಕಮಾನು. ಕಮಾನಿನಲ್ಲಿ ಪ್ರತಿ ಕಲ್ಲೂ ಪಕ್ಕದ ಕಲ್ಲನ್ನ ಒತ್ತುತ್ತೆ, ಎಳೆತವೇ ಬರದ ಹಾಗೆ. ಕಲ್ಲಿನ ಸ್ವಭಾವಕ್ಕೆ ಅದು ಒಪ್ಪುತ್ತೆ, ಅದಕ್ಕೇ ಕಂಬಗಳ ನಡುವೆ ಜಾಗನೂ ಜಾಸ್ತಿ ಬಿಡಬಹುದು. 1908ರ ಮೂಸಿ ಮಹಾಪ್ರವಾಹದಲ್ಲಿ ಏಟು ತಿಂದ್ರೂ ಪುರಾನಾಪುಲ್ ಉಳೀತು. ಆಮೇಲೆ ಅದರ ಮೇಲೆ ತರಕಾರಿ ಮಾರೋರು ಕೂತ್ರು. ಸುಲ್ತಾನನ ಸೇತುವೆ ಮೇಲೆ ಬದನೆಕಾಯಿ ಟೊಮ್ಯಾಟೊ! ರೈತನಾಗಿ ನನಗೆ ಇದಕ್ಕಿಂತ ಒಳ್ಳೇ ಬಳಕೆ ಕಾಣಲ್ಲ.

ಹಾಗಾದ್ರೆ ವಿಜಯನಗರದ ಕಂಬ ತೊಲೆ ವಿದ್ಯೆ ಯುದ್ಧದ ಜೊತೆ ಸತ್ತೋಯ್ತಾ? ಇಲ್ಲ. ಅದನ್ನ ನೋಡೋಕೆ ನಾವು ಕೆಂಗೇರಿ ಕಡೆಯೋರು ಹಂಪಿವರೆಗೂ ಹೋಗಬೇಕಾಗಿಲ್ಲ. ಮೈಸೂರು ರಸ್ತೆ ಹಿಡಿದು ಶ್ರೀರಂಗಪಟ್ಟಣಕ್ಕೆ ಹೋದ್ರೆ ಸಾಕು. ಅಲ್ಲಿ ಕಾವೇರಿಗೆ ವೆಲ್ಲೆಸ್ಲಿ ಸೇತುವೆ ಇದೆ. 1804ರಲ್ಲಿ ದಿವಾನ್ ಪೂರ್ಣಯ್ಯನವರ ಮೇಲ್ವಿಚಾರಣೆಯಲ್ಲಿ ಆಗಿದ್ದು. ಟಿಪ್ಪು ಸತ್ತು ಐದು ವರ್ಷ ಆಗಿತ್ತು, ಮುಮ್ಮಡಿ ಕೃಷ್ಣರಾಜ ಒಡೆಯರು ಇನ್ನೂ ಹುಡುಗ. ಹೆಸರು ಆಗಿನ ಗವರ್ನರ್ ಜನರಲ್‌ದು. ಹೆಸರು ಇಂಗ್ಲಿಷು, ಮೈ ಮಾತ್ರ ಪೂರ್ತಿ ನಮ್ಮದು: ಕಲ್ಲುಕಂಬ, ಕಂಬದ ಮೇಲೆ ಬೋದಿಗೆ, ಬೋದಿಗೆ ಮೇಲೆ ಕಲ್ಲಿನ ತೊಲೆ. ಬೋದಿಗೆ ಯಾಕೆ ಅಂದ್ರೆ, ಅದು ಕಂಬದಿಂದ ಎರಡೂ ಕಡೆ ಕೈ ಚಾಚಿ ತೊಲೆಯ ಬರಿದಾದ ಉದ್ದ ಕಮ್ಮಿ ಮಾಡುತ್ತೆ. ಮೇಲೆ ಹೇಳಿದ ನಾಲ್ಕು ಪಟ್ಟಿನ ಲೆಕ್ಕ ನೆನಪಿದ್ರೆ, ಒಂದೊಂದು ಅಡಿ ಉಳಿಸಿದ್ರೂ ಎಷ್ಟು ಲಾಭ ಅಂತ ಗೊತ್ತಾಗುತ್ತೆ. ಎಷ್ಟೋ ವರ್ಷ ಗಾಡಿ, ಲಾರಿ, ಬಸ್ಸು ಎಲ್ಲ ಅದರ ಮೇಲೇ ಓಡಿವೆ. ಹಂಪಿಯ ಕಂಬಗಳ ಮೇಲೆ ಈಗ ಇಲ್ಲದ್ದು ಹೇಗಿದ್ದಿರಬಹುದು ಅನ್ನೋ ಅಂದಾಜು ಬೇಕಾದ್ರೆ ಶ್ರೀರಂಗಪಟ್ಟಣದ ಸೇತುವೆ ಕೆಳಗೆ ಇಳಿದು ತಲೆಯೆತ್ತಿ ನೋಡಬೇಕು. ಇಬ್ಬರೂ ಒಂದೇ ವಂಶದೋರು.

ಇನ್ನೂ ಹತ್ತಿರ ಬೇಕಾ? ನಿಮ್ಮೂರ ಕೆರೆ ತೂಬಿಗೆ ಹೋಗಿ. ಹಳೇ ತೂಬಾದ್ರೆ ನೀರಲ್ಲಿ ಎರಡು ಕಲ್ಲುಕಂಬ, ಅವಕ್ಕೆ ಅಡ್ಡ ಚಪ್ಪಡಿ, ಚಪ್ಪಡಿ ಮಧ್ಯೆ ತೂತು, ಆ ತೂತಿನಲ್ಲಿ ತೂಬಿನ ಕೋಲು ಇಳಿಯೋ ಹಾಗೆ ಇರುತ್ತೆ. ನೀರಲ್ಲಿ ಕಂಬ ನಿಲ್ಲಿಸಿ ಮೇಲೆ ಅಡ್ಡ ಕಲ್ಲು ಕೂರಿಸೋ ವಿದ್ಯೆ ಅದೇ. ಹಂಪಿಯ ಅರಮನೆ ಆವರಣದಲ್ಲಿ ಮೆಟ್ಟಿಲ ಪುಷ್ಕರಣಿಗೆ ನೀರು ತರೋ ಕಲ್ಲಿನ ದೋಣಿ ಇದೆ, ಅದೂ ಕಂಬದ ಮೇಲೇ ಸಾಗುತ್ತೆ. ಮೇಲೆ ನೀರು ಹೋದ್ರೆ ಕಾಲುವೆ, ಗಾಡಿ ಹೋದ್ರೆ ಸೇತುವೆ. ಕೆರೆ ಕಟ್ಟೋರು, ಕಾಲುವೆ ಕಟ್ಟೋರು, ಗುಡಿ ಕಟ್ಟೋರು, ಸೇತುವೆ ಕಟ್ಟೋರು ಅಂತ ಬೇರೆ ಬೇರೆ ವಿದ್ಯೆ ಇರಲಿಲ್ಲ. ಒಂದೇ ಕೈ, ಬೇರೆ ಬೇರೆ ಕೆಲಸ. ಆ ಕಂಬಗಳ ಬೆಲೆ ಇರೋದು ಇಲ್ಲಿ ಅಂತ ನನ್ನ ಅಭಿಪ್ರಾಯ.

ಹೊರದೇಶದಲ್ಲೂ ಇದರ ನೆಂಟರಿದ್ದಾರೆ. ಇಂಗ್ಲೆಂಡಿನ ಡಾರ್ಟ್‌ಮೂರ್ ಅನ್ನೋ ಕಲ್ಲುಗುಡ್ಡದ ಸೀಮೆಯಲ್ಲಿ ಪೋಸ್ಟ್‌ಬ್ರಿಜ್ ಅಂತ ಊರಿದೆ. ಮಧ್ಯಕಾಲದಲ್ಲಿ ತವರ ಹೊತ್ತ ಕುದುರೆಗಳು ದಾಟೋಕೆ ಕಲ್ಲು ಪೇರಿಸಿ ಮೇಲೆ ದೊಡ್ಡ ದೊಡ್ಡ ಚಪ್ಪಡಿ ಹಾಸಿದ್ದಾರೆ. ಇಂದಿಗೂ ಜನ ಅದರ ಮೇಲೆ ನಡೀತಾರೆ. ಚೀನಾದ ಕ್ವಾಂಝೌ ಊರಲ್ಲಿ 1053ರಿಂದ 1059ರವರೆಗೆ ಸಮುದ್ರದ ಅಳಿವೆಗೆ ಲುವೋಯಾಂಗ್ ಸೇತುವೆ ಕಟ್ಟಿದ್ರು, ಕಲ್ಲಿನ ತೊಲೆಯದ್ದೇ. ಅಲ್ಲಿ ಬಂಡೆ ನೆಲ ಇಲ್ಲ, ಬರೀ ಕೆಸರು. ಏನು ಮಾಡಿದ್ರು ಗೊತ್ತಾ? ಬುಡದ ಕಲ್ಲುಗಳ ಮೇಲೆ ಸಿಂಪಿ ಬೆಳೆಸಿದ್ರು. ಸಿಂಪಿ ಕಲ್ಲಿಗೆ ಕಚ್ಚಿಕೊಂಡು ಬೆಳೆದು ಕಲ್ಲು ಕಲ್ಲನ್ನ ಅಂಟಿಸಿಬಿಡ್ತು. ಬೇಸಾಯ ಮಾಡಿ ಪಾಯ ಗಟ್ಟಿ ಮಾಡಿದ ಹಾಗಾಯ್ತು. 2021ರಲ್ಲಿ ಕ್ವಾಂಝೌ ಕೂಡ ವಿಶ್ವ ಪರಂಪರೆ ಪಟ್ಟಿಗೆ ಸೇರಿತು.

ಈಗ ಕಷ್ಟದ ಭಾಗಕ್ಕೆ ಬರ್ತೀನಿ. ರಕ್ಷಿಸಬೇಕು ಅನ್ನೋದು ಬಾಯಲ್ಲಿ ಸುಲಭ. ಆ ಕಂಬಗಳ ಎರಡೂ ದಡದಲ್ಲಿ ಜನ ಇದ್ದಾರೆ. ಈಚೆ ದಡ ಈಗ ವಿಜಯನಗರ ಜಿಲ್ಲೆ, ಆಚೆ ಆನೆಗೊಂದಿ ಕೊಪ್ಪಳ ಜಿಲ್ಲೆ ಗಂಗಾವತಿ ತಾಲೂಕು. ಭತ್ತ, ಬಾಳೆ ಬೆಳೆಯೋ ಸೀಮೆ. ಸೇತುವೆ ಇಲ್ಲದೆ ಆಚೆಯೋರು ಹರಿಗೋಲು ಹತ್ತಬೇಕು, ಇಲ್ಲಾಂದ್ರೆ ಹತ್ತಾರು ಕಿಲೋಮೀಟರ್ ಸುತ್ತಿ ಬರಬೇಕು. ಹೊಳೆ ಬಂದ್ರೆ ಹರಿಗೋಲೂ ಬಂದ್. ಹೆರಿಗೆ ನೋವು ಹೊಳೆ ಇಳಿಯೋವರೆಗೂ ಕಾಯಲ್ಲ, ಕೊಯ್ದ ಬಾಳೆಗೊನೆನೂ ಕಾಯಲ್ಲ.

ಅದಕ್ಕೇ 1990ರ ದಶಕದಲ್ಲಿ ತಳವಾರಘಟ್ಟದ ಹತ್ತಿರ ಆನೆಗೊಂದಿಗೆ ವಾಹನ ಹೋಗೋ ಸೇತುವೆ ಕೆಲಸ ಶುರುವಾಯ್ತು. ಹಂಪಿಯಿಂದ ವಿರುಪಾಪುರಗಡ್ಡೆಗೆ ಕಾಲುಸೇತುವೆ ಕೆಲಸನೂ ಶುರುವಾಯ್ತು. ಪುರಾತನ ಊರಿನ ಎದೆ ಮೇಲೆ ಲಾರಿ ಓಡಿದ್ರೆ ಗತಿಯೇನು ಅಂತ ಯುನೆಸ್ಕೋದವರು 1999ರಲ್ಲಿ ಹಂಪಿಯನ್ನ ‘ಅಪಾಯದಲ್ಲಿರುವ ಪರಂಪರೆ’ ಪಟ್ಟಿಗೆ ಹಾಕಿದ್ರು. ಕೆಲಸ ನಿಂತಿತು. ಕಾಲುಸೇತುವೆ ಕಳಚಿದ್ರು. 2002ರಲ್ಲಿ ಹಂಪಿ ಪ್ರಾಧಿಕಾರಕ್ಕೆ ಕಾನೂನು ಆಯ್ತು. 2006ರಲ್ಲಿ ಅಪಾಯದ ಪಟ್ಟಿಯಿಂದ ಹೆಸರು ತೆಗೆದ್ರು. ವಾಹನದ ಸೇತುವೆ ಕೆಲಸ ಮತ್ತೆ ಹಿಡಿದ್ರು. 2009ರ ಜನವರಿಯಲ್ಲಿ ಕೆಲಸ ನಡೀತಿರೋವಾಗಲೇ ಅದು ಕುಸಿದು ಬಿತ್ತು. ಕೂಲಿ ಕಾರ್ಮಿಕರು ಸತ್ರು.

ಇದನ್ನ ಹೇಳಿದ ತಕ್ಷಣ “ನೋಡಿ, ಹಳೇ ಕಾಲದ್ದು ಇನ್ನೂ ನಿಂತಿದೆ, ಹೊಸದು ಬಿತ್ತು” ಅಂತ ಬರೆಯೋರು ಬೇಕಾದಷ್ಟು ಜನ. ನಾನು ಹಾಗೆ ಬರೆಯಲ್ಲ. ಹಳೇದರ ಹಾಸೂ ಹೋಗಿದೆ, ಅದರ ಮೇಲೂ ಈಗ ಯಾರೂ ದಾಟೋಕೆ ಆಗಲ್ಲ. ಕಟ್ಟೋವಾಗ ಎಷ್ಟು ಜನ ಸತ್ರು ಅಂತ ಯಾವ ಕಲ್ಲಿನ ಮೇಲೂ ಬರೆದಿಲ್ಲ. ಸತ್ತವರು ಎರಡು ಕಾಲದಲ್ಲೂ ಕೂಲಿಯೋರೇ. ಹಳೇದು ಚೆನ್ನ ಹೊಸದು ಕೆಟ್ಟದು ಅನ್ನೋ ಜಗಳದಲ್ಲಿ ಆಚೆ ದಡದ ಹೆಂಗಸು ಹೊಳೆ ದಾಟೋದು ಹೇಗೆ ಅನ್ನೋ ಪ್ರಶ್ನೆ ಹಾಗೇ ಉಳಿಯುತ್ತೆ.

ಕಡೆಗೆ ಆಗಿದ್ದೇನು? ಮುಖ್ಯ ಸ್ಮಾರಕಗಳಿಂದ ದೂರ, ನದಿಯ ಕೆಳಗಿನ ಕಡೆ, ಬುಕ್ಕಸಾಗರ ಮತ್ತು ಕಡೇಬಾಗಿಲು ನಡುವೆ ಸೇತುವೆ ಆಯ್ತು. ಈಗ ಬಸ್ಸು, ಟ್ರ್ಯಾಕ್ಟರು, ಆಂಬುಲೆನ್ಸು ಅದರ ಮೇಲೆ ಹೋಗ್ತವೆ. ಕಂಬಗಳೂ ಉಳಿದ್ವು, ದಾಟೂ ಸಿಕ್ತು. ನನ್ನ ಪ್ರಶ್ನೆ ಒಂದೇ: ಇದನ್ನ ಮೊದಲೇ ಮಾಡಬಹುದಿತ್ತಲ್ವಾ? ಮೊದಲ ದಿನವೇ ಎರಡೂ ದಡದ ರೈತರನ್ನ, ಪುರಾತತ್ವದೋರನ್ನ, ಇಂಜಿನಿಯರನ್ನ ಒಂದು ಜಮಖಾನೆ ಮೇಲೆ ಕೂರಿಸಿ “ಎಲ್ಲಿ ಮಾಡಿದ್ರೆ ಎಲ್ಲರಿಗೂ ಆಗುತ್ತೆ” ಅಂತ ಕೇಳಿದ್ರೆ? ಪರಂಪರೆ ಬೇರೆ, ಜನ ಬೇರೆ ಅಂತ ಎರಡು ಫೈಲು ಮಾಡಿದ್ದಕ್ಕೆ ಹತ್ತಿಪ್ಪತ್ತು ವರ್ಷ ಹೋಯ್ತು, ಜೀವನೂ ಹೋಯ್ತು.

ಹಳೇ ಸೇತುವೆಗೇ ಮತ್ತೆ ಚಪ್ಪಡಿ ಹಾಸಬಹುದಲ್ಲ ಅಂತ ಕೆಲವರು ಕೇಳ್ತಾರೆ. ಬೋಸ್ನಿಯಾ ದೇಶದ ಮೋಸ್ಟಾರ್ ಊರಲ್ಲಿ ಹಾಗೆ ಮಾಡಿದ್ದಾರೆ. ಅಲ್ಲಿನ ಕಮಾನು ಸೇತುವೆ ಮುಗಿದಿದ್ದು 1566ರಲ್ಲಿ, ವಿಜಯನಗರ ಬಿದ್ದ ಮರುವರ್ಷ. 1993ರ ಯುದ್ಧದಲ್ಲಿ ಗುಂಡು ಹೊಡೆದು ಕೆಡವಿದ್ರು. 2004ರಲ್ಲಿ ಮತ್ತೆ ಕಟ್ಟಿದ್ರು, 2005ರಲ್ಲಿ ಪರಂಪರೆ ಪಟ್ಟಿಗೂ ಸೇರಿತು. ಆದ್ರೆ ಅಲ್ಲಿ ಅಳತೆ ಇತ್ತು, ಫೋಟೋ ಇತ್ತು, ಅದರ ಮೇಲೆ ನಿನ್ನೆವರೆಗೂ ಓಡಾಡಿದ ಜನ ಇದ್ರು. ಹಂಪಿಯ ಹೆಸರಾದ ಹಳೇ ಫೋಟೋಗಳು ಗ್ರೀನ್‌ಲಾ ಅನ್ನೋ ದೊರೆ 1856ರಲ್ಲಿ ತೆಗೆದಿದ್ದು. ಅಷ್ಟೊತ್ತಿಗೇ ಊರು ಪಾಳು. ಕಂಬಗಳ ಮೇಲೆ ಈಗ ನಾವು ಹಾಸಿದ್ರೆ ಅದು ನಮ್ಮ ಊಹೆ ಆಗುತ್ತೆ, ಅವರ ಸೇತುವೆ ಆಗಲ್ಲ. ಕಂಬ ಇರೋ ಹಾಗೇ ಇರಲಿ. ಸಿಕ್ಕಿಕೊಂಡ ಮರ ಕಸ ಪ್ರತಿ ಬೇಸಿಗೆ ತೆಗೀಲಿ, ಪ್ರತಿ ಕಂಬಕ್ಕೂ ನಂಬರು ಹಾಕಿ ವಾಲಿದ್ಯಾ ನೋಡ್ಲಿ. ಅಷ್ಟು ಸಾಕು.

ಕಂಬ ಬೀಳೋದು ಪ್ರವಾಹಕ್ಕೆ ಮಾತ್ರ ಅಲ್ಲ. 2019ರಲ್ಲಿ ಹಂಪಿಯ ಒಂದು ಗುಡಿ ಹತ್ತಿರ ಹುಡುಗರು ಮೋಜಿಗೆ ಕಲ್ಲುಕಂಬ ತಳ್ಳಿ ಬೀಳಿಸಿ ವಿಡಿಯೋ ಮಾಡಿದ್ದು ನೆನಪಿದೆಯಾ? ಕೋರ್ಟು ಒಬ್ಬೊಬ್ಬರಿಗೆ 70,000 ರೂಪಾಯಿ ದಂಡ ಹಾಕಿ, ಕಂಬ ವಾಪಸ್ ನಿಲ್ಲಿಸುವಂತೆ ಮಾಡ್ತು. ನಿಲ್ಲಿಸೋವಾಗ ಗೊತ್ತಾಗಿರುತ್ತೆ ಅವರಿಗೆ, ಬೀಳಿಸೋದು ನಿಮಿಷದ ಕೆಲಸ, ನಿಲ್ಲಿಸೋದು ಎಂಥದು ಅಂತ.

ಕಾನೂನಿನ ಮಾತು ಎರಡೇ ಸಾಲು. ಕೇಂದ್ರದ ಸ್ಮಾರಕ ಕಾಯ್ದೆ 1958ರದ್ದು. 2010ರ ತಿದ್ದುಪಡಿ ಪ್ರಕಾರ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಕಟ್ಟೋ ಹಾಗಿಲ್ಲ, ಅದರಾಚೆ 200 ಮೀಟರ್‌ವರೆಗೆ ಅನುಮತಿ ಬೇಕು. ನಮ್ಮ ರಾಜ್ಯಕ್ಕೆ 1961ರ ಬೇರೆ ಕಾಯ್ದೆ ಇದೆ. ಆದ್ರೆ ಇವೆಲ್ಲ ಪಟ್ಟಿಯಲ್ಲಿ ಹೆಸರು ಇರೋ ಸ್ಮಾರಕಕ್ಕೆ. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಯಾರು?

ಇದನ್ನ ಕೇಳೋಕೆ ಕಾರಣ ಇದೆ. ನಮ್ಮ ಹೊಲದ ಹತ್ತಿರ ವೃಷಭಾವತಿಗೆ ಸೇರೋ ಒಂದು ಹಳ್ಳ ಇದೆ. ಹಳೇ ಗಾಡಿ ದಾರಿಯಲ್ಲಿ ಅದಕ್ಕೆ ಮೂರು ಚಪ್ಪಡಿ ಹಾಸಿದ್ರು, ಎರಡು ಕಡೆ ದಪ್ಪ ಕಲ್ಲು ಕೊಟ್ಟು. ಎತ್ತಿನ ಗಾಡಿ ಚಕ್ರದ ಕಬ್ಬಿಣದ ಪಟ್ಟಿ ಉಜ್ಜಿ ಉಜ್ಜಿ ಚಪ್ಪಡಿ ಮೇಲೆ ಎರಡು ಗೆರೆ ಬಿದ್ದಿತ್ತು, ಬೆರಳು ಇಟ್ರೆ ಕೂರೋಷ್ಟು. ನಮ್ಮಪ್ಪ ಅದೇ ಗೆರೆ ಮೇಲೆ ಗಾಡಿ ಹೊಡ್ಕೊಂಡು ಕೆಂಗೇರಿಗೆ ಹೋಗ್ತಿದ್ರು. ಎರಡು ವರ್ಷದ ಹಿಂದೆ ಪೈಪು ಹಾಕೋಕೆ ಜೇಸೀಬಿ ಬಂತು. ನಾನು ಹೋಗೋ ಹೊತ್ತಿಗೆ ಎರಡು ಚಪ್ಪಡಿ ಒಡೆದು ಸೈಜುಗಲ್ಲು ಆಗಿತ್ತು. ಮೂರನೇದು ಪಕ್ಕಕ್ಕೆ ಬಿದ್ದಿತ್ತು, ನಾಲ್ಕು ಜನ ಹಾರೆ ಹಾಕಿ ಎತ್ತಿ ಟ್ರ್ಯಾಕ್ಟರಲ್ಲಿ ತಂದು ಬಾವಿ ಹತ್ತಿರ ಇಟ್ಟಿದ್ದೀನಿ. ಪೈಪು ಬೇಡ ಅಂತ ನಾನು ಹೇಳಲ್ಲ, ಮಳೆ ನೀರು ಹೋಗಲೇಬೇಕು. ಹತ್ತಡಿ ಪಕ್ಕಕ್ಕೆ ಹಾಕಿದ್ರೂ ನೀರು ಹೋಗ್ತಿತ್ತು. ಹಂಪಿಯಲ್ಲಿ ಆದದ್ದೇ ಇಲ್ಲಿ ಸಣ್ಣ ಅಳತೆಯಲ್ಲಿ ಆಯ್ತು. ಅಲ್ಲಿ ಕೇಳೋರು ಯುನೆಸ್ಕೋದವರು ಇದ್ರು, ಇಲ್ಲಿ ಯಾರೂ ಇಲ್ಲ.

ಬೆಂಗಳೂರು ಪಶ್ಚಿಮಕ್ಕೆ ಎಷ್ಟು ಜೋರಾಗಿ ಬರ್ತಿದೆ ಅಂತ ನಿಮಗೇ ಗೊತ್ತು. ಮುಂದಿನ ಹತ್ತು ವರ್ಷದಲ್ಲಿ ಇಂಥ ಚಪ್ಪಡಿ, ತೂಬಿನ ಕಂಬ, ಸೋಪಾನ ಬಾವಿ ಎಷ್ಟು ಉಳೀತವೆ ಹೇಳೋಕಾಗಲ್ಲ. ಅದಕ್ಕೇ ಒಂದು ಕೆಲಸ ಹೇಳ್ತೀನಿ, ದುಡ್ಡು ಖರ್ಚಿಲ್ಲ. ನಿಮ್ಮೂರ ಹಳ್ಳಕ್ಕೆ, ರಾಜಕಾಲುವೆಗೆ, ಕೆರೆ ಕೋಡಿಗೆ ಹಳೇ ಕಲ್ಲಿನ ಹಾಸು ಇದ್ರೆ, ಟೇಪು ಹಿಡಿದು ಉದ್ದ ಅಗಲ ದಪ್ಪ ಅಳೆದು ಬರೆದಿಡಿ. ಟೇಪು ಕಾಣೋ ಹಾಗೆ ಫೋಟೋ ತೆಗೀರಿ. ಆ ಜಾಗಕ್ಕೆ ಹಿರಿಯರು ಏನಂತ ಕರೀತಿದ್ರು ಕೇಳಿ, ಹೆಸರಲ್ಲೇ ಅರ್ಧ ಚರಿತ್ರೆ ಇರುತ್ತೆ. ಕಲ್ಲಿನ ಮೇಲೆ ಅಕ್ಷರ ಕಂಡ್ರೆ ಉಜ್ಜಬೇಡಿ, ಸುಣ್ಣ ಬಳಿಯಬೇಡಿ, ಪುರಾತತ್ವ ಇಲಾಖೆಗೆ ತಿಳಿಸಿ. ರಸ್ತೆ ಕೆಲಸದ ಗುದ್ದಲಿ ಪೂಜೆ ದಿನವೇ ಹೋಗಿ “ಈ ಕಲ್ಲು ಇದೆ, ಸ್ವಲ್ಪ ಪಕ್ಕಕ್ಕೆ ತಗೊಳ್ಳಿ” ಅಂತ ಹೇಳಿ. ಜೇಸೀಬಿ ಬಂದ ಮೇಲೆ ಹೇಳಿದ್ರೆ ಪ್ರಯೋಜನ ಇಲ್ಲ.

ಹಂಪಿಗೆ ಹೋಗೋರು ಬೇಸಿಗೆ ಮೊದಲು, ನೀರು ಇಳಿದಿದ್ದಾಗ ಹೋಗಿ. ಕಂಬ ಪೂರ್ತಿ ಕಾಣುತ್ತೆ. ದಡದ ಬಂಡೆ ಮೇಲೆ ಕೂತು ನೋಡಿ, ಕಂಬ ಹತ್ತೋಕೆ, ಈಜೋಕೆ ಹೋಗಬೇಡಿ, ಸುಳಿ ಇರುತ್ತೆ. ಆಮೇಲೆ ವಾಪಸ್ ಬಂದು ಶ್ರೀರಂಗಪಟ್ಟಣದ್ದೂ ನೋಡಿ. ನಿಮ್ಮೂರಲ್ಲಿ ಇಂಥದ್ದು ಇದ್ರೆ ಊರ ಹೆಸರು, ಅಳತೆ ಸಮೇತ ಬರೆದು ಕಳಿಸಿ. ನಾನು ಒಂದು ನೋಟ್‌ಬುಕ್ ಇಟ್ಟಿದ್ದೀನಿ, ಇಲ್ಲಿವರೆಗೆ ಹನ್ನೊಂದು ಸೇರಿದೆ. ಮುಂದಿನ ವಾರ ಹುರುಳಿ ಬಗ್ಗೆ ಬರೀತೀನಿ.